ಹಳೆಯ ಜೀಪಿನ ಕುಲುಕಾಟ ತಗ್ಗಿಸುವ ಬಗೆ

ಕುಲುಕಾಟದ ಮೂಲ

1940ರ ದಶಕದ ಕೊನೆಗೆ ಮಹೀಂದ್ರಾ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಿಂದ ಎಂಎಂ 540ರ ತನಕ ವಾಹನದ ಅಡಿಭಾಗ ಹೆಚ್ಚು ಬದಲಾಗಲಿಲ್ಲ. ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಪ್ಲೇಟ್ ಸ್ಪ್ರಿಂಗ್. ಕೊಡಗು, ಮಲೆನಾಡಿನ ತೋಟಗಳಲ್ಲಿ ಇಂಥ ಜೀಪುಗಳು ಇಂದಿಗೂ ಕಾಫಿ ಮೂಟೆ, ಗೊಬ್ಬರ ಹೊರುತ್ತವೆ. ಆ ಹೊರೆಗೆ ತಕ್ಕಂತೆ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಖಾಲಿ ಜೀಪು ಕುಪ್ಪಳಿಸುವುದೂ, ಮೂಟೆ ಹೇರಿದಾಗ ಅದೇ ಜೀಪು ಹದವಾಗಿ ಸಾಗುವುದೂ ಇದರಿಂದಲೇ.

ಆದರೆ ಹಳೆಯ ಗಾಡಿಯಲ್ಲಿ ಸ್ಪ್ರಿಂಗಿನ ಬಿಗಿತಕ್ಕಿಂತ ಅದರ ತುಕ್ಕೇ ಹೆಚ್ಚು ಕಾಟ ಕೊಡುತ್ತದೆ. ಚಕ್ರ ಮೇಲೆದ್ದಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ಮಳೆನೀರು, ಕೆಸರು ಸೇರಿ ತುಕ್ಕು ಹಿಡಿದರೆ ಜಾರುವುದಿಲ್ಲ. ಸಣ್ಣ ಉಬ್ಬುಗಳಿಗೆ ಸ್ಪ್ರಿಂಗ್ ಬಾಗುವುದೇ ಇಲ್ಲ, ಪೆಟ್ಟು ನೇರವಾಗಿ ಚಾಸಿಗೆ ಬರುತ್ತದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದರೂ ಸುಖವಿಲ್ಲವೆಂದು ದೂರುವವರು ಮೊದಲು ಇಲ್ಲಿ ನೋಡಬೇಕು.

ಟೈರಿನ ಗಾಳಿ

ಖರ್ಚಿಲ್ಲದ ಕೆಲಸ ಇದು. ಪೂರ್ತಿ ಹೊರೆಗೆಂದು ತುಂಬಿದ ಗಾಳಿಯಲ್ಲಿ ಒಬ್ಬರೇ ಓಡಾಡಿದರೆ ಟೈರು ಕಲ್ಲಿನಂತೆ ಪುಟಿಯುತ್ತದೆ. ಕಂಪನಿ ಹೇಳಿದ ಮಿತಿಯೊಳಗೆ ಹೊರೆಗೆ ತಕ್ಕಷ್ಟು ಗಾಳಿಯಿರಲಿ. ಹಳತಾಗಿ ಗಡುಸಾದ ಟೈರಿಗೆ ಇದರಿಂದ ಪ್ರಯೋಜನವಿಲ್ಲ, ಬದಲಿಸಬೇಕು.

ಪ್ಲೇಟು, ಬುಷ್, ಶ್ಯಾಕಲ್

ಸ್ಪ್ರಿಂಗ್ ಸೆಟ್ ಇಳಿಸಿ, ಬಿಚ್ಚಿ, ವೈರ್ ಬ್ರಷ್‌ನಿಂದ ತುಕ್ಕು ತೆಗೆದು, ಗ್ರಾಫೈಟ್ ಗ್ರೀಸ್ ಸವರಿ ಮತ್ತೆ ಜೋಡಿಸುವುದು ಒಂದು ದಿನದ ಕೆಲಸ. ಬಿರುಕು ಬಿಟ್ಟ ಪ್ಲೇಟು ಆಗಲೇ ಕಣ್ಣಿಗೆ ಬೀಳುತ್ತದೆ. ಬಾಗಿದ ಸ್ಪ್ರಿಂಗ್ ಚಪ್ಪಟೆಯಾಗುವಾಗ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್. ಅದು ಸಿಕ್ಕಿಕೊಂಡಿದ್ದರೆ ಉಳಿದದ್ದೆಲ್ಲ ವ್ಯರ್ಥ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಯಬೇಕು. ಸ್ಪ್ರಿಂಗಿನ ತುದಿಯ ರಬ್ಬರ್ ಬುಷ್‌ಗೆ ಗ್ರೀಸ್ ತಾಗಿಸಬಾರದು, ರಬ್ಬರ್ ಕೊಳೆಯುತ್ತದೆ. ಅದರ ಬೋಲ್ಟುಗಳನ್ನು ಜೀಪು ಜ್ಯಾಕಿನಿಂದಿಳಿದು ತನ್ನ ಚಕ್ರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು. ಮೇಲೆತ್ತಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಒಂದು ಪ್ಲೇಟು ತೆಗೆದರೆ?

ತೋಟದಲ್ಲಿ ಹೊರೆ ಹೊರುವ ಜೀಪಿಗೆ ಇದು ಬೇಡ. ಖಾಲಿ ಓಡಾಡುವ ಗಾಡಿಯಲ್ಲಿ ನಡುವಿನ ಗಿಡ್ಡ ಪ್ಲೇಟೊಂದನ್ನು ಎರಡೂ ಬದಿಯಿಂದ ಸಮನಾಗಿ ತೆಗೆದರೆ ಮೆದುವಾಗುವುದು ನಿಜ. ಎತ್ತರ ತುಸು ಇಳಿಯುತ್ತದೆ, ಉಳಿದ ಪ್ಲೇಟುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಎಲ್ಲಕ್ಕಿಂತ ಉದ್ದದ ಮೇನ್ ಪ್ಲೇಟನ್ನೂ ಅದರ ಕೆಳಗಿನದನ್ನೂ ಮುಟ್ಟಬಾರದು. ಪ್ಲೇಟಿನ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ಎರಡರಷ್ಟು ದಪ್ಪದ್ದು ಎಂಟರಷ್ಟು ಬಿಗಿ. ಆದ್ದರಿಂದ ಗುಜರಿಯಲ್ಲಿ ಸಿಕ್ಕ ದಪ್ಪ ಪ್ಲೇಟನ್ನು ಸೇರಿಸುವುದು ದೊಡ್ಡ ತಪ್ಪು. ಹಣವಿದ್ದರೆ ಪ್ಯಾರಾಬೋಲಿಕ್ ಸ್ಪ್ರಿಂಗ್ ಒಳ್ಳೆಯದು. ಪ್ಲೇಟುಗಳು ಕಡಿಮೆ, ಒಂದಕ್ಕೊಂದು ಉಜ್ಜುವುದೂ ಕಡಿಮೆ.

ಶಾಕ್ ಅಬ್ಸಾರ್ಬರ್

ಇದು ಕೊನೆಯ ಸರದಿ. ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಕುಣಿತ ನಿಲ್ಲಿಸುತ್ತದೆ, ಅಷ್ಟೇ. ಎಣ್ಣೆ ಸೋರುತ್ತಿದ್ದರೆ ಜೋಡಿಯಾಗಿ ಬದಲಿಸಬೇಕು. ಹೊಸದು ಗಿಡ್ಡವಿದ್ದರೆ ಚಕ್ರ ಗುಂಡಿಗಿಳಿದಾಗ ಎಳೆದು ಕಿತ್ತುಬರುತ್ತದೆ, ಉದ್ದವಿದ್ದರೆ ಉಬ್ಬಿನಲ್ಲಿ ತಳ ಹೊಡೆಯುತ್ತದೆ. ಕೆಲಸ ಮುಗಿದು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ಪ್ರಿಂಗನ್ನು ಆಕ್ಸಲ್ಲಿಗೆ ಹಿಡಿದಿಡುವ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು.