ಓಡುವ ಮೊದಲೇ ಏರುವ ಸಕ್ಕರೆ



ಚೇರಂಬಾಡಿಯ ಚಹಾ ತೋಟದ ದಾರಿಯಲ್ಲಿ ಮುಂಜಾನೆ ಒಬ್ಬರೇ ನಡೆಯುತ್ತಿದ್ದೀರಿ ಎನ್ನಿ. ತಿರುವಿನಾಚೆ ಕೊಂಬೆ ಮುರಿದ ಸದ್ದು. ಆನೆ! ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯೂ ಆಗ ನಡೆಯುತ್ತದೆ. ನೀವು ಓಡಲು ಕಾಲೆತ್ತುವ ಮೊದಲೇ ರಕ್ತದಲ್ಲಿ ಸಕ್ಕರೆ ಏರತೊಡಗುತ್ತದೆ. ಏನನ್ನೂ ತಿನ್ನದೆ ಬಂದ ಈ ಸಕ್ಕರೆ ಎಲ್ಲಿಯದು? ಅದನ್ನು ಹುಡುಕಿದವರ ಕಥೆ ಕೇಳಿ.

1849ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಮೊಲವೊಂದರ ಮೆದುಳಿನ ಬುಡಕ್ಕೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ತಮಿಳಿನಲ್ಲಿ ಕಲ್ಲೀರಲ್ ಎನ್ನುತ್ತೇವಲ್ಲ, ಆ ಪಿತ್ತಜನಕಾಂಗವೇ ಸಕ್ಕರೆಯ ಕಣಜ ಎಂದು ತೋರಿಸಿದವರೂ ಅವರೇ. ಕಣಜದ ಬಾಗಿಲು ನರಗಳ ಮಾತು ಕೇಳುತ್ತದೆ ಎಂದಾಯಿತು.

ಆ ಮಾತನ್ನು ಒಯ್ಯುವ ದೂತ ಯಾರು? ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಯ ರಸವನ್ನು ಬೇರ್ಪಡಿಸಿದ ವಿಷಯವನ್ನು 1901ರಲ್ಲಿ ಜಪಾನಿನ ಜೋಕಿಚಿ ತಾಕಾಮಿನೆ ಪ್ರಕಟಿಸಿದರು. ಅದೇ ಅಡ್ರಿನಲಿನ್.

1911ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ಸಂಗಡಿಗರು ಬೆದರಿದ ಬೆಕ್ಕುಗಳನ್ನು ಪರೀಕ್ಷಿಸಿದರು. ಅವುಗಳ ಮೂತ್ರದಲ್ಲಿ ಸಕ್ಕರೆ ಇತ್ತು. ಆ ಗ್ರಂಥಿಗಳನ್ನು ತೆಗೆದ ಬೆಕ್ಕುಗಳು ಬೆದರಿದರೂ ಸಕ್ಕರೆ ಬರಲಿಲ್ಲ. 1913ರಲ್ಲಿ ಹಾರ್ವರ್ಡ್‌ನ 25 ಫುಟ್‌ಬಾಲ್ ಆಟಗಾರರನ್ನು ದೊಡ್ಡ ಪಂದ್ಯದ ನಂತರ ಪರೀಕ್ಷಿಸಿದಾಗ 12 ಮಂದಿಯಲ್ಲಿ ಸಕ್ಕರೆ ಸಿಕ್ಕಿತು. ಅವರಲ್ಲಿ 5 ಮಂದಿ ಮೈದಾನಕ್ಕೆ ಇಳಿದವರೇ ಅಲ್ಲ, ಬದಲಿ ಆಟಗಾರರಾಗಿ ಕೂತು ನೋಡಿದವರು! ಮೈ ದಣಿಯದಿದ್ದರೂ ಮನಸ್ಸಿನ ಕಾತರವೇ ಸಾಕಾಯಿತು. ಇಂಥ ಹೊತ್ತಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದನ್ನೂ 1914ರಲ್ಲಿ ಕ್ಯಾನನ್ ಕಂಡರು. ಓಡುವ ಕಾಲಿಗೆ ಸಕ್ಕರೆ ಬೇಕು, ಗಾಯವಾದರೆ ರಕ್ತ ನಿಲ್ಲಬೇಕು. ಮೈ ಎರಡಕ್ಕೂ ಮುಂಚಿತವಾಗಿಯೇ ಸಿದ್ಧವಾಗುತ್ತದೆ.

ಓಡಿದರೆ ಸ್ನಾಯುಗಳು ಆ ಸಕ್ಕರೆಯನ್ನು ಖರ್ಚುಮಾಡುತ್ತವೆ. ಆದರೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಏರಿದ್ದು ಸುಲಭವಾಗಿ ಇಳಿಯದು. ಹೆದರಿ, ದಿಣ್ಣೆ ಹತ್ತಿ, ಏದುಸಿರು ಬಿಡುತ್ತಾ ಬಂದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ಹೆಚ್ಚು ಬರಬಹುದು. ದಾರಿಯಲ್ಲಿ ನಡೆದದ್ದನ್ನು ಡಾಕ್ಟರಿಗೆ ಮೊದಲು ಹೇಳಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಬಹಳ ಹೊತ್ತು ದುಡಿದಾಗ ಸಕ್ಕರೆ ತೀರಾ ಇಳಿಯಲೂಬಹುದು. ಆದ್ದರಿಂದ ಒಂದು ಅಂಕಿ ನೋಡಿ ನೀವಾಗಿಯೇ ಮಾತ್ರೆ ಹೆಚ್ಚಿಸಬೇಡಿ, ಬಿಡಲೂಬೇಡಿ.

ದಾರಿಯಲ್ಲಿ ಜೋಪಾನ.