‘ರೇಸಿಂಗ್ ಹೆಲ್’: ರಾಪ್ ಮತ್ತು ರಾಕ್ ಕೂಡಿದ ಬಗೆ

ರನ್-ಡಿಎಂಸಿ ತಂಡದ ಮೂರನೆಯ ಆಲ್ಬಂ ‘ರೇಸಿಂಗ್ ಹೆಲ್’ 1986ರಲ್ಲಿ ಹೊರಬಂತು. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದ ಹಾಲಿಸ್ ಬಡಾವಣೆಯ ಮೂವರ ತಂಡವಿದು. ರಾಪ್ ಮಾಡುತ್ತಿದ್ದವರು ಜೋಸೆಫ್ ಸಿಮನ್ಸ್ ಮತ್ತು ಡ್ಯಾರಿಲ್ ಮೆಕ್‌ಡೇನಿಯಲ್ಸ್. ಡಿಜೆ ಜೇಸನ್ ಮಿಜೆಲ್, ಅಂದರೆ ಜ್ಯಾಮ್ ಮಾಸ್ಟರ್ ಜೇ. ರಾಕ್ ಗಿಟಾರ್ ಅವರಿಗೆ ಹೊಸದಾಗಿರಲಿಲ್ಲ. 1984ರ ‘ರಾಕ್ ಬಾಕ್ಸ್’ ಹಾಡಿನಲ್ಲೇ ಎಡ್ಡಿ ಮಾರ್ಟಿನೆಜ್ ಅವರ ಗಿಟಾರ್ ಅಬ್ಬರಿಸಿತ್ತು.

ಹಾಗೆ ನೋಡಿದರೆ ರಾಕ್ ಹಿಪ್-ಹಾಪ್‌ಗೆ ಹೊರಗಿನಿಂದ ಬಂದದ್ದೇ ಅಲ್ಲ. ತಾಳ ಗಟ್ಟಿಯಾಗಿದ್ದರೆ ಬೀದಿ ಪಾರ್ಟಿಗಳ ಡಿಜೆಗಳು ಯಾವ ರೆಕಾರ್ಡನ್ನೂ ಬಿಡುತ್ತಿರಲಿಲ್ಲ. ಏರೋಸ್ಮಿತ್ ತಂಡದ 1975ರ ‘ವಾಕ್ ದಿಸ್ ವೇ’ ಬರೀ ಡ್ರಮ್ಸ್‌ನಿಂದ ಶುರುವಾಗುತ್ತದೆ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಟ್ಟರೆ ತಾಳ ಬೇಕಾದಷ್ಟು ಹೊತ್ತು ನಡೆಯುತ್ತಿತ್ತು. ಗಾಯಕನ ದನಿ ಏಳುವ ಮೊದಲೇ ಹಿಂದಕ್ಕೆ ಎಳೆಯುತ್ತಿದ್ದರಿಂದ ಹಾಡಿನ ಮುಂದಿನ ಭಾಗವನ್ನು ಕೇಳುವ ಗೊಡವೆಗೆ ರನ್-ಡಿಎಂಸಿ ಹೋಗಿರಲಿಲ್ಲ.

ರಸೆಲ್ ಸಿಮನ್ಸ್ ಜೊತೆ ಆಲ್ಬಂ ನಿರ್ಮಿಸುತ್ತಿದ್ದ ರಿಕ್ ರೂಬಿನ್ ಪಟ್ಟು ಹಿಡಿದದ್ದು ಇಲ್ಲೇ: ತುಣುಕು ಸಾಲದು, ಸಾಹಿತ್ಯ ಸಮೇತ ಇಡೀ ಹಾಡು ಬೇಕು. ರಾಪ್ ಮಾಡುವ ಇಬ್ಬರಿಗೂ ಆ ಸಾಹಿತ್ಯ ಕೊಂಚವೂ ಹಿಡಿಸಲಿಲ್ಲ. ಕೊನೆಗೆ ಹಾಡಿದರು. 1986ರ ಮಾರ್ಚ್‌ನಲ್ಲಿ ಏರೋಸ್ಮಿತ್‌ನ ಸ್ಟೀವನ್ ಟೈಲರ್ ಮತ್ತು ಜೋ ಪೆರಿ ಮ್ಯಾನ್‌ಹಟನ್‌ನ ಸ್ಟುಡಿಯೊಗೆ ಬಂದು ಅವರ ಜೊತೆಗೂಡಿದರು. ವಿಡಿಯೊದಲ್ಲಿ ಎರಡು ತಂಡಗಳು ಅಕ್ಕಪಕ್ಕದ ಕೋಣೆಗಳಲ್ಲಿ ಗದ್ದಲ ಎಬ್ಬಿಸುತ್ತವೆ. ಟೈಲರ್ ಮೈಕ್ ಸ್ಟ್ಯಾಂಡಿನಿಂದ ಗೋಡೆ ಒಡೆದು ತಲೆ ತೂರಿಸುತ್ತಾರೆ. ಕಪ್ಪು ಕಲಾವಿದರಿಗೆ ಅಷ್ಟಾಗಿ ಜಾಗ ಕೊಡದಿದ್ದ ಎಂಟಿವಿ ಇದನ್ನು ಮತ್ತೆಮತ್ತೆ ಬಿತ್ತರಿಸಿತು. 1977ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 10ನೇ ಸ್ಥಾನ ಮುಟ್ಟಿದ್ದ ಹಾಡು ಈ ಸಲ 4ಕ್ಕೇರಿತು. ಸೊರಗಿದ್ದ ಏರೋಸ್ಮಿತ್‌ಗೂ ಮರುಜೀವ ಬಂತು.

ಆಲ್ಬಂ ಪಟ್ಟಿಯಲ್ಲಿ ‘ರೇಸಿಂಗ್ ಹೆಲ್’ 3ನೇ ಸ್ಥಾನಕ್ಕೇರಿತು. ಅಮೆರಿಕದಲ್ಲಿ ಪ್ಲಾಟಿನಂ ಪಡೆದ, ಎಂದರೆ ಹತ್ತು ಲಕ್ಷ ಪ್ರತಿ ದಾಟಿದ, ಮೊದಲ ರಾಪ್ ಆಲ್ಬಂ ಎನಿಸಿತು. ಗಿಟಾರ್ ಹಾಡಿಗೇ ಹೆಸರು ಬಂದರೂ ಆಲ್ಬಂನ ನಿಜವಾದ ಕಸುಬು ಕಾಣುವುದು ‘ಪೀಟರ್ ಪೈಪರ್’ನಲ್ಲಿ. ಬಾಬ್ ಜೇಮ್ಸ್ ರೆಕಾರ್ಡಿನ ಗಂಟೆಯ ಸದ್ದನ್ನು ಜೇ ಅಲ್ಲಿ ಬರೀ ಕೈಚಳಕದಿಂದ ಕುಣಿಸುತ್ತಾರೆ.

ಅದೇ ವರ್ಷದ ನವೆಂಬರ್‌ನಲ್ಲಿ ರೂಬಿನ್ ನಿರ್ಮಾಣದ್ದೇ ಆದ ಬೀಸ್ಟಿ ಬಾಯ್ಸ್ ತಂಡದ ‘ಲೈಸೆನ್ಸ್ಡ್ ಟು ಇಲ್’ ಬಂತು. ಅದರ ಒಂದು ಹಾಡಿಗೆ ಗಿಟಾರ್ ನುಡಿಸಿದವರು ಸ್ಲೇಯರ್ ತಂಡದ ಕೆರಿ ಕಿಂಗ್. 1987ರಲ್ಲಿ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೇರಿದ ಮೊದಲ ರಾಪ್ ಆಲ್ಬಂ ಅದು. ಹಾಡಿದ ಮೂವರೂ ಬಿಳಿಯರು.