ಕುದುರೆ ಬಿಚ್ಚಿದ ಗಾಡಿಯಿಂದ ಗಂಗೋತ್ರಿಯ ಬಸ್ಸಿನವರೆಗೆ

1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೊರಟು ನಿಂತರು. ಅವರನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯಲು ಕುದುರೆಗಾಡಿ ಬಂದಿತ್ತು. ವಿದ್ಯಾರ್ಥಿಗಳು ಗಾಡಿಗೆ ಹೂವಿನ ಅಲಂಕಾರ ಮಾಡಿದರು, ಕುದುರೆ ಬಿಚ್ಚಿದರು, ತಾವೇ ನೊಗಕ್ಕೆ ಹೆಗಲು ಕೊಟ್ಟು ಗಾಡಿಯನ್ನು ನಿಲ್ದಾಣದವರೆಗೆ ಎಳೆದರು. ಆ ಪ್ರಾಧ್ಯಾಪಕರು ಸರ್ವೆಪಲ್ಲಿ ರಾಧಾಕೃಷ್ಣನ್. ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಶಾಲೆ ಶಾಲೆಗಳ ಭಾಷಣದಲ್ಲಿ ಈ ಕಥೆ ಬರುತ್ತದೆ. ನಾವೆಲ್ಲ ಕೇಳಿದ್ದೇವೆ, ಕೆಲವರು ಹೇಳಿಯೂ ಇದ್ದೇವೆ.

ಗುರುಭಕ್ತಿಯ ಕಥೆಯಾಗಿ ಇದು ಸರಿಯೇ. ಆದರೆ ಇದನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಗಾಡಿಯೊಳಗೆ ಕುಳಿತವರು ಪ್ರಾಧ್ಯಾಪಕರು. ಗಾಡಿ ಎಳೆದವರು ವಿದ್ಯಾರ್ಥಿಗಳು. ಬಿಚ್ಚಿದ ಕುದುರೆಯ ಲಗಾಮು ಹಿಡಿದು ಪಕ್ಕಕ್ಕೆ ಸರಿದು ನಿಂತ ಒಬ್ಬ ಗಾಡಿಯವನೂ ಇದ್ದಿರಲೇಬೇಕು. ಅವನ ಸುದ್ದಿ ಯಾವ ಭಾಷಣದಲ್ಲೂ ಬರುವುದಿಲ್ಲ. ಒಂದು ವಿಶ್ವವಿದ್ಯಾನಿಲಯದ ಸುತ್ತಮುತ್ತ ಜನ ಹೇಗೆ ಓಡಾಡಿದರು ಎಂಬ ಪ್ರಶ್ನೆಯನ್ನು ಕೆದಕಿದರೆ, ಅಲ್ಲಿಗೆ ಯಾರು ಬರಲು ಸಾಧ್ಯವಾಯಿತು, ಯಾರು ಬರಲಾಗಲಿಲ್ಲ ಎಂಬ ಪ್ರಶ್ನೆಗೇ ಹೋಗಿ ತಲುಪುತ್ತೇವೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮೊದಲ ಕುಲಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಆಗ ವಿಶ್ವವಿದ್ಯಾನಿಲಯಕ್ಕೆ ಇಂದಿನಂತೆ ಬೇಲಿ ಹಾಕಿದ ಪ್ರತ್ಯೇಕ ಆವರಣವಿರಲಿಲ್ಲ. ಮೈಸೂರಿನಲ್ಲಿ ಮಹಾರಾಜಾ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು, ಇವೇ ಅದರ ಕಂಬಗಳು. ಮಹಾರಾಜಾ ಕಾಲೇಜು ಇರುವುದು ಊರಿನ ನಡುವೆಯೇ. ರೈಲು ನಿಲ್ದಾಣ, ಅಗ್ರಹಾರ, ಲಕ್ಷ್ಮೀಪುರಂ, ಅರಮನೆಯ ಸುತ್ತಣ ಬೀದಿಗಳು, ಎಲ್ಲವೂ ನಡಿಗೆಯ ದೂರದಲ್ಲಿ.

ನಡಿಗೆಯ ದೂರ ಎಂಬುದು ಆ ಕಾಲದ ಬಡ ವಿದ್ಯಾರ್ಥಿಗೆ ಬಹಳ ದೊಡ್ಡ ಮಾತು. ಹಳ್ಳಿಯಿಂದ ಓದಲು ಬಂದ ಎಷ್ಟೋ ಹುಡುಗರು ವಾರಾನ್ನದಲ್ಲಿ ಬದುಕಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಮಲಗುವ ಕೋಣೆ ಒಂದು ಕಡೆ, ಊಟ ಇನ್ನೊಂದು ಕಡೆ, ಪಾಠ ಮತ್ತೊಂದು ಕಡೆ. ಈ ಮೂರು ಬಿಂದುಗಳ ನಡುವೆ ದಿನಕ್ಕೆ ಎರಡು ಸಲವಾದರೂ ಕಾಲೆಳೆಯಬೇಕು. ಊರು ಇನ್ನಷ್ಟು ದೊಡ್ಡದಾಗಿದ್ದರೆ ಈ ಲೆಕ್ಕವೇ ಕೂಡುತ್ತಿರಲಿಲ್ಲ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಹಸಿವು ಮತ್ತು ನಡಿಗೆ ಓದಿನ ಜೊತೆ ಹೇಗೆ ಹೆಣೆದುಕೊಂಡಿದ್ದವು ಎಂಬುದು ಗೊತ್ತು. ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬೇರೆ ಬೇರೆ ಸಮುದಾಯದವರು ಮೈಸೂರಿನಲ್ಲಿ ತಮ್ಮ ತಮ್ಮ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಹಾಸ್ಟೆಲ್ ಎಂದರೆ ಅನ್ನ, ಸೂರು ಮಾತ್ರವಲ್ಲ, ಕಾಲೇಜಿಗೆ ನಡೆದು ಹೋಗಬಲ್ಲಷ್ಟು ಹತ್ತಿರದಲ್ಲಿ ಇರುವ ಹಕ್ಕು.

ದೂರದಿಂದ ಬರುವವರಿಗೆ ರೈಲಿತ್ತು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ತಲುಪಿದ್ದು 1882ರಲ್ಲಿ. 1891ರ ಹೊತ್ತಿಗೆ ಅದು ನಂಜನಗೂಡಿಗೂ ಮುಂದುವರಿಯಿತು. ನಿಲ್ದಾಣದಲ್ಲಿ ಇಳಿದವರನ್ನು ಜಟಕಾ, ಟಾಂಗಾಗಳು ಕಾಯುತ್ತಿದ್ದವು. ಮೈಸೂರಿನ ಕಮಾನು ಚಾವಣಿಯ ಶಾಹಿ ಪಸಂದ್ ಟಾಂಗಾ ಇಂದೂ ಅರಮನೆಯ ಸುತ್ತ ಪ್ರವಾಸಿಗರನ್ನು ಹೊತ್ತು ತಿರುಗುತ್ತದೆ. ಟಾಂಗಾ ಹತ್ತುವುದು ಟ್ರಂಕು, ಹಾಸಿಗೆ ಸುರುಳಿಯೊಡನೆ ಬಂದ ಮೊದಲ ದಿನದ ವೈಭವ. ಮರುದಿನದಿಂದ ಮತ್ತೆ ಕಾಲೇ ಗತಿ. ಬದುಕನ್ನು ಜಟಕಾಬಂಡಿಗೆ ಹೋಲಿಸಿದ ಡಿವಿಜಿಯವರ ಕಗ್ಗ ಪುಸ್ತಕವಾಗಿ ಬಂದದ್ದು 1943ರಲ್ಲಿ. ಆ ಹೋಲಿಕೆ ಕನ್ನಡಿಗರ ಮನಸ್ಸಿನಲ್ಲಿ ಅಷ್ಟು ಬೇಗ ನೆಲೆ ಊರಿತಲ್ಲ, ಜಟಕಾ ಆಗ ಎಲ್ಲರ ಕಣ್ಣೆದುರಿನ ವಾಹನವಾಗಿದ್ದುದೂ ಅದಕ್ಕೆ ಕಾರಣವಿರಬೇಕು.

ಆಮೇಲೆ ಸೈಕಲ್ಲಿನ ಕಾಲ. ಮೊದಲು ವಿಲಾಯತಿ ಸೈಕಲ್ಲುಗಳು, ಸ್ವಾತಂತ್ರ್ಯದ ಬಳಿಕ ದೇಶದಲ್ಲೇ ತಯಾರಾದ ಹರ್ಕ್ಯುಲಿಸ್, ಅಟ್ಲಾಸ್, ಹೀರೋಗಳು. ಸ್ವಂತ ಸೈಕಲ್ ಇಲ್ಲದವರಿಗೆ ಗಂಟೆಯ ಲೆಕ್ಕದ ಬಾಡಿಗೆ ಅಂಗಡಿಗಳು. ಅಂಗಡಿಯವನು ಹೆಸರು ಬರೆದುಕೊಳ್ಳುತ್ತಿದ್ದ, ಹೊತ್ತು ಬರೆದುಕೊಳ್ಳುತ್ತಿದ್ದ, ಪಂಕ್ಚರ್ ಆದರೆ ಕಾಸು ಕೇಳುತ್ತಿದ್ದ. ಸಂಜೆ ದೀಪವಿಲ್ಲದೆ ಹೊರಟರೆ, ಗೆಳೆಯನನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡರೆ ಪೊಲೀಸರ ಭಯ. ಹಳೆಯ ವಿದ್ಯಾರ್ಥಿಗಳು ಸೇರಿದಾಗ ಪಾಠಗಳಿಗಿಂತ ಹೆಚ್ಚಾಗಿ ನೆನೆಸಿಕೊಳ್ಳುವುದು ಇಂಥವನ್ನೇ. ಮೈಸೂರಿನ ಅಗಲವಾದ, ಮರಗಳ ನೆರಳಿನ ಬೀದಿಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂತಿದ್ದವು. ಪ್ಲೇಗಿನ ಹಾವಳಿಯ ನಂತರ 1903ರಲ್ಲಿ ಆರಂಭವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಗಾಳಿ ಬೆಳಕಿಗಾಗಿ ಹೊಸ ಬಡಾವಣೆಗಳನ್ನು ರೂಪಿಸಿತು. ಅದರ ಫಲವನ್ನು ಉಂಡವರಲ್ಲಿ ಸೈಕಲ್ ತುಳಿದ ವಿದ್ಯಾರ್ಥಿಗಳೂ ಸೇರಿದ್ದಾರೆ.

ದೊಡ್ಡ ತಿರುವು ಬಂದದ್ದು 1960ರಲ್ಲಿ. 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು ಅವರ ಕನಸಿನಂತೆ ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೆಡೆ ಸೇರಲು ಕುಕ್ಕರಹಳ್ಳಿ ಕೆರೆಯ ಪಡುವಣ ದಿಕ್ಕಿನಲ್ಲಿ ಹೊಸ ಆವರಣ ಎದ್ದಿತು. ಅದಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ಮನಸ್ಸಿನ ಗಂಗೆ ಹುಟ್ಟುವ ತಾಣ ಎಂಬುದು ಆ ಹೆಸರಿನ ಭಾವ. ಆದರೆ ಗಂಗೋತ್ರಿ ಎಂದರೆ ಕಷ್ಟಪಟ್ಟು ಪಯಣಿಸಿ ತಲುಪಬೇಕಾದ ಯಾತ್ರಾಸ್ಥಳವೂ ಹೌದು. ಹೆಸರಿನಲ್ಲೇ ದೂರ ಅಡಗಿತ್ತು. ಒಂಟಿಕೊಪ್ಪಲಿನ ‘ಉದಯರವಿ’ಯಿಂದ ಹೊರಟು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದ ಕವಿಗೆ ಆ ದೂರ ದೂರವಲ್ಲ. ನಗರದ ಇನ್ನೊಂದು ತುದಿಯ ಮೊಹಲ್ಲಾದಿಂದ, ಅದಕ್ಕೂ ಆಚೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿಗೆ ಅದು ದೂರವೇ.

700 ಎಕರೆಗೂ ಹೆಚ್ಚು ವಿಸ್ತಾರದ ಆವರಣದಲ್ಲಿ ಗೇಟಿನಿಂದ ವಿಭಾಗಕ್ಕೆ ನಡೆಯುವುದೇ ಒಂದು ಪ್ರಯಾಣ. ಆದ್ದರಿಂದ ಮಾನಸಗಂಗೋತ್ರಿಯ ಚರಿತ್ರೆಯಲ್ಲಿ ಬಸ್ಸಿಗೂ ಒಂದು ಅಧ್ಯಾಯ ಸಲ್ಲಬೇಕು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ತಾನೂ ಹೆಸರು ಬದಲಿಸಿಕೊಂಡಿತು. ವಿಶ್ವವಿದ್ಯಾನಿಲಯ ಊರಿನ ಅಂಚಿಗೆ ಸರಿದ ಹೊತ್ತಿಗೆ ಸರ್ಕಾರಿ ಬಸ್ಸು ಇತ್ತು ಎಂಬುದು ಸಣ್ಣ ಸಂಗತಿಯಲ್ಲ. ರಿಯಾಯಿತಿ ಪಾಸು ಹಿಡಿದ ಹುಡುಗ ನಂಜನಗೂಡಿನಲ್ಲೋ ಶ್ರೀರಂಗಪಟ್ಟಣದಲ್ಲೋ ಮನೆಯೂಟ ಉಂಡು ಬೆಳಗಿನ ತರಗತಿಗೆ ಬರುವುದು ಸಾಧ್ಯವಾಯಿತು. ವಾರಾನ್ನ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಬಸ್ ಪಾಸು ವಹಿಸಿಕೊಂಡಿತು. ಯಾರ ಹಂಗೂ ಇಲ್ಲದೆ, ಯಾವ ಜಾತಿ ಎಂದು ಬಾಗಿಲಲ್ಲಿ ಯಾರೂ ಕೇಳದೆ.

ಅದೇ 1960ರ ಆಸುಪಾಸಿನಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆಯೂ ಆರಂಭವಾಯಿತು. ಒಂದೇ ಊರು, ಹೆಚ್ಚುಕಡಿಮೆ ಒಂದೇ ಹೊತ್ತು. ಒಂದು ಕಡೆ ಊರಾಚೆಗೆ ಸರಿದ ವಿಶ್ವವಿದ್ಯಾನಿಲಯ, ಇನ್ನೊಂದು ಕಡೆ ಆ ದೂರವನ್ನು ನಿಮಿಷಗಳಲ್ಲಿ ಮುಗಿಸುವ ಯಂತ್ರ. ಜಾವಾ, ಆಮೇಲೆ ಯೆಜ್ಡಿ, ಹುಡುಗರ ಕನಸಿಗೆ ಬಂದವು. ಕೊಳ್ಳಲು ಬಲ್ಲವರು ಕೆಲವರು, ಶಬ್ದ ಕೇಳಿ ತಿರುಗಿ ನೋಡಿದವರು ಬಹಳ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಷ್ಟರಲ್ಲಿ ದ್ವಿಚಕ್ರ ವಾಹನ ಆಸೆಯ ಪಟ್ಟಿಯಿಂದ ಅಗತ್ಯದ ಪಟ್ಟಿಗೆ ಸರಿದಾಗಿತ್ತು. ಸರಸ್ವತಿಪುರಂ, ಕುವೆಂಪುನಗರಗಳಿಂದ ಗಂಗೋತ್ರಿಯತ್ತ ಹರಿಯುವ ಬೆಳಗಿನ ಸ್ಕೂಟರ್ ಹೊಳೆಯನ್ನು ನೋಡಿದರೆ ಅದು ತಿಳಿಯುತ್ತದೆ.

ಹೊಳೆ ತುಂಬಿದಂತೆ ಸೈಕಲ್ ದಡಕ್ಕೆ ಬಿತ್ತು. ಸೈಕಲ್ ಸವಾರ ನಿಧಾನ, ಅವನ ಸುತ್ತ ಎಲ್ಲವೂ ವೇಗ, ಹಾಗಾಗಿ ಭಯ. 2017ರ ಜೂನ್‌ನಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಯೋಜನೆಯನ್ನು ಶುರುಮಾಡಿತು. 450 ಸೈಕಲ್ಲು, 48 ನಿಲ್ದಾಣ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಹಳೆಯ ಬಾಡಿಗೆ ಸೈಕಲ್ ಅಂಗಡಿಯೇ ಕಾರ್ಡು ಹಿಡಿದು ಮರುಜನ್ಮ ಪಡೆದಂತೆ. ಆದರೆ ಅಂದಿನ ಸೈಕಲ್ಲಿಗೆ ಅಂದಿನ ಖಾಲಿ ರಸ್ತೆಯೂ ಜೊತೆಗಿತ್ತು. ಸೈಕಲ್ಲನ್ನು ಮರಳಿ ತರುವುದು ಸುಲಭ, ರಸ್ತೆಯನ್ನು ಮರಳಿ ತರುವುದು ಕಷ್ಟ.

ಈ ಚರಿತ್ರೆಯಲ್ಲಿ ಹುಡುಗಿಯರು ಬಹಳ ತಡವಾಗಿ ಕಾಣಿಸಿಕೊಳ್ಳುತ್ತಾರೆ. ನಡೆದವರ, ಬಾಡಿಗೆ ಸೈಕಲ್ ತುಳಿದವರ, ವಾರಾನ್ನ ಉಂಡವರ ನೆನಪುಗಳೆಲ್ಲ ಬಹುಪಾಲು ಗಂಡಸರವು. ಹೆಣ್ಣುಮಗಳು ಹಳ್ಳಿಯಿಂದ ನಗರಕ್ಕೆ ಓದಲು ಹೋಗಬೇಕೆಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಶುಲ್ಕದ್ದಲ್ಲ, ಹೇಗೆ ಹೋಗಿ ಬರುತ್ತಾಳೆ ಎಂಬುದು. ರಾಜ್ಯ ಸರ್ಕಾರ 2006–07ರಲ್ಲಿ ಶಾಲಾ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ, 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದಾಗ, ಅದರ ಖರ್ಚಿನ ಬಗ್ಗೆ ಬಹಳ ಚರ್ಚೆ ನಡೆಯಿತು. ಆ ಚರ್ಚೆ ಬೇಕು. ಅದರೊಂದಿಗೆ ಇನ್ನೊಂದು ಲೆಕ್ಕವೂ ಬೇಕು. ಟಿಕೆಟ್ಟಿನ ಹಣಕ್ಕೆ ಅಪ್ಪನನ್ನೋ ಅಣ್ಣನನ್ನೋ ಕೇಳಬೇಕಾಗಿಲ್ಲದ ಹುಡುಗಿ ಗ್ರಂಥಾಲಯದಲ್ಲಿ ಇನ್ನೊಂದು ಗಂಟೆ ಕೂತು ಬರುವೆನೆಂದು ಧೈರ್ಯವಾಗಿ ಹೇಳಬಲ್ಲಳು. ಆದರೆ ಆ ಧೈರ್ಯ ನಿಲ್ಲುವುದು ಸಂಜೆ ಆರರ ಮೇಲೂ ಬಸ್ಸು ಇದ್ದರೆ ಮಾತ್ರ. ಉಚಿತ ಟಿಕೆಟ್ ಬಸ್ಸನ್ನು ಹುಟ್ಟಿಸುವುದಿಲ್ಲ.

ಒಂದು ವಿಶ್ವವಿದ್ಯಾನಿಲಯದ ಬಾಗಿಲು ಎಷ್ಟು ತೆರೆದಿದೆ ಎಂದು ತಿಳಿಯಲು ನಾವು ಪ್ರವೇಶ ಪಟ್ಟಿಯನ್ನೂ ಮೀಸಲಾತಿಯ ಅಂಕಿಗಳನ್ನೂ ನೋಡುತ್ತೇವೆ. ನೋಡಲೇಬೇಕು. ಜೊತೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಅದು ಯಾವ ಊರಿನವರೆಗೆ ಹೋಗುತ್ತದೆ, ಗೇಟಿನಿಂದ ಗ್ರಂಥಾಲಯದವರೆಗಿನ ದಾರಿಯಲ್ಲಿ ದೀಪ ಉರಿಯುತ್ತದೆಯೇ ಎಂಬುದನ್ನೂ ನೋಡಬೇಕು. ಉಪನ್ಯಾಸ ಮುಗಿದ ಮೇಲಿನ ಚರ್ಚೆ, ಸಂಜೆಯ ನಾಟಕ, ಕವಿಗೋಷ್ಠಿ, ಇವುಗಳಲ್ಲೇ ನಿಜವಾದ ಓದು ನಡೆಯುತ್ತದೆ ಎಂದು ನಾವು ಹೇಳಿಕೊಳ್ಳುತ್ತೇವೆ. ಸ್ವಂತ ವಾಹನ ಇದ್ದವರು ಅದಕ್ಕೆ ಉಳಿಯುತ್ತಾರೆ. ಬಸ್ಸಿನವರು ಗಡಿಯಾರ ನೋಡಿ ನಡುವೆಯೇ ಎದ್ದು ಹೋಗುತ್ತಾರೆ.

1921ರಲ್ಲಿ ವಿದ್ಯಾರ್ಥಿಗಳು ಗುರುವನ್ನು ಎಳೆದುಕೊಂಡು ಹೋದರು. ನೂರು ವರ್ಷ ಅದನ್ನು ಕೊಂಡಾಡಿದ್ದೇವೆ. ಇನ್ನು ಆ ಸಾಲವನ್ನು ತೀರಿಸುವ ಸರದಿ ವಿಶ್ವವಿದ್ಯಾನಿಲಯದ್ದು, ಊರಿನದು. ಹೂವಿನ ಗಾಡಿಯೇನೂ ಬೇಡ. ಎದ್ದು ಹೋಗುತ್ತಿರುವ ಆ ಹುಡುಗಿಗೆ ಎಂಟು ಗಂಟೆಗೆ ಇನ್ನೊಂದು ಬಸ್ಸು ಇದ್ದರೆ ಸಾಕು.